ಬಣ್ಣ ಹೊಡೆಸಿದ ಮೇಲೆ ಉಳಿದ ಪೇಂಟ್, ಟಿನ್ನರ್, ಬ್ರಷ್ಷುಗಳನ್ನು ಏನು ಮಾಡುವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬಕ್ಕೋ, ಮದುವೆಗೋ, ಬಾಡಿಗೆಯವರು ಖಾಲಿ ಮಾಡಿದರೆಂದೋ ಮನೆಗೆ ಬಣ್ಣ ಹೊಡೆಸುತ್ತೇವೆ. ಪೇಂಟರ್‌ಗೆ ದುಡ್ಡು ಕೊಟ್ಟು ಕಳಿಸಿದ ಮೇಲೆ ಮೆಟ್ಟಿಲ ಕೆಳಗೆ ಅರ್ಧಂಬರ್ಧ ಡಬ್ಬಗಳು, ಒಂದು ಬಾಟಲಿ ಟಿನ್ನರ್, ಬಿಗಿಯುತ್ತಿರುವ ರೋಲರ್ ಉಳಿದಿರುತ್ತವೆ. ಇಲ್ಲಿನ ಉತ್ತರಗಳಲ್ಲಿ ಬೆಂಗಳೂರಿನ ಉದಾಹರಣೆಗಳೇ ಹೆಚ್ಚು. ಬೇರೆ ಊರಿನವರಿಗೆ, ತೋಟದ ಮನೆಯವರಿಗೆ ಹೊಂದುವ ಮಾತುಗಳೂ ನಡುನಡುವೆ ಇವೆ.

ಪೂರ್ತಿ ಓದಲು ಪುರಸೊತ್ತಿಲ್ಲ. ಚುಟುಕಾಗಿ ಹೇಳಿ.

ಕಸಕ್ಕೆ ಹೋಗುವ ಪೇಂಟ್ ದ್ರವವಾಗಿ ಹೋಗಬಾರದು. ಮೊದಲು ಬಳಸಿ ಮುಗಿಸಲು ನೋಡಿ, ಆಗದಿದ್ದರೆ ಬೇಕಾದವರಿಗೆ ಕೊಡಿ, ಅದೂ ಆಗದಿದ್ದರೆ ಒಣಗಿಸಿ ಗಟ್ಟಿ ಮಾಡಿ. ಟಿನ್ನರ್, ಟರ್ಪೆಂಟೈನ್‌ಗೆ ಈ ಮಾತು ಹೊಂದುವುದಿಲ್ಲ. ಅವನ್ನು ಒಣಗಿಸಲು ಹೋಗಬೇಡಿ, ಮುಚ್ಚಳ ಬಿಗಿದು ಇಡಿ. ಮುಂದೆ ವಿವರವಿದೆ.

ನಮ್ಮ ಮನೆಯಲ್ಲಿ ಇರುವುದು ಯಾವ ಜಾತಿಯ ಪೇಂಟ್ ಅಂತ ತಿಳಿಯುವುದು ಹೇಗೆ?

ಡಬ್ಬದ ಮೇಲೆ ಎಮಲ್ಷನ್, ಅಕ್ರಿಲಿಕ್, ಡಿಸ್ಟೆಂಪರ್ ಎಂದಿದ್ದರೆ ನೀರಿನ ಪೇಂಟ್. ಗೋಡೆ, ಸೀಲಿಂಗ್‌ಗೆ ಹೊಡೆಯುವುದು ಹೆಚ್ಚಾಗಿ ಇದೇ. ಎನಾಮಲ್, ಸಿಂಥೆಟಿಕ್ ಎಂದಿದ್ದರೆ, ಅಥವಾ ತೆಳು ಮಾಡಲು ಟರ್ಪೆಂಟೈನ್ ಬೆರೆಸಿ ಎಂದು ಬರೆದಿದ್ದರೆ ಅದು ಎಣ್ಣೆ ಪೇಂಟ್. ಕಿಟಕಿ ಗ್ರಿಲ್ಲು, ಗೇಟು, ಬಾಗಿಲುಗಳಿಗೆ ಬಳಸುವುದು. ಮರದ ಪಾಲಿಶ್, ವಾರ್ನಿಶ್, ಮೆಲಮೈನ್‌ಗಳನ್ನೂ ಈ ಎರಡನೆಯ ಗುಂಪಿಗೇ ಸೇರಿಸಿಕೊಳ್ಳಿ. ನೀರಿನಲ್ಲಿ ಕಲೆಯುವ ಎನಾಮಲ್ಲೂ ಈಗ ಸಿಗುತ್ತದೆ, ಆದ್ದರಿಂದ ಹೆಸರೊಂದನ್ನೇ ನಂಬಬೇಡಿ.

ಲೇಬಲ್ ಹರಿದುಹೋಗಿದ್ದರೆ ಬೇಡದ ಲೋಟದಲ್ಲಿ ನೀರು ತೆಗೆದುಕೊಂಡು ನಾಲ್ಕು ಹನಿ ಪೇಂಟ್ ಹಾಕಿ ಕಲಕಿ. ಹಾಲಿನ ಬಣ್ಣಕ್ಕೆ ತಿರುಗಿ ಒಂದಾದರೆ ನೀರಿನದ್ದು. ಎಳೆಎಳೆಯಾಗಿ ಬೇರೆ ನಿಂತರೆ ಎಣ್ಣೆಯದ್ದು. ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವ ವಾಸನೆಯೂ ಸುಳಿವು ಕೊಡುತ್ತದೆ.

ಇರುವುದೇ ಒಂದು ಲೋಟದಷ್ಟು. ಮೋರಿಗೆ ಸುರಿದರೆ ಏನಾಗುತ್ತದೆ?

ರಸ್ತೆ ಬದಿಯ ಮೋರಿ ಮಳೆನೀರಿಗೆಂದು ಕಟ್ಟಿದ್ದು. ಅದರಲ್ಲಿ ಹರಿದದ್ದು ಎಲ್ಲೂ ಶುದ್ಧವಾಗುವುದಿಲ್ಲ. ಮೋರಿಯಿಂದ ರಾಜಕಾಲುವೆ, ರಾಜಕಾಲುವೆಯಿಂದ ಕೆರೆ. ಬೆಳ್ಳಂದೂರು ಕೆರೆ 2015ರಲ್ಲಿ ನೊರೆಯುಕ್ಕಿ ಬೆಂಕಿ ಹತ್ತಿಕೊಂಡು ಸುದ್ದಿಯಾಯಿತು, 2017ರಲ್ಲೂ 2018ರಲ್ಲೂ ಮತ್ತೆ ಉರಿಯಿತು. ಅಲ್ಲಿಗೆ ಹರಿದದ್ದು ಮುಖ್ಯವಾಗಿ ಶುದ್ಧೀಕರಿಸದ ಕೊಳಚೆ ನೀರು. ತಪ್ಪೆಲ್ಲ ಪೇಂಟಿನದ್ದು ಎಂದಲ್ಲ. ಮೋರಿಗೆ ಬಿಟ್ಟದ್ದು ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಕೇಳುವವರಿಗೆ ಆ ಕೆರೆ ತೋರಿಸಿದರೆ ಸಾಕು.

ಸಿಂಕು, ಕಮೋಡುಗಳ ನೀರು ಹೋಗುವುದು ಒಳಚರಂಡಿಗೆ. ಅದು ಶುದ್ಧೀಕರಣ ಘಟಕ ಮುಟ್ಟುತ್ತದೆ ಎಂದುಕೊಂಡರೂ, ಅಲ್ಲಿ ಕೊಳೆಯನ್ನು ಕರಗಿಸುವ ಕೆಲಸ ಬ್ಯಾಕ್ಟೀರಿಯಾಗಳದ್ದು. ಟಿನ್ನರ್ ಅವನ್ನು ಕೊಲ್ಲುತ್ತದೆ. ಅಪಾರ್ಟ್‌ಮೆಂಟಿನದೇ ಆದ ಪುಟ್ಟ ಶುದ್ಧೀಕರಣ ಘಟಕಕ್ಕೆ (ಎಸ್‌ಟಿಪಿ) ಒಂದೆರಡು ಲೀಟರ್ ಟಿನ್ನರ್ ಬಿದ್ದರೂ ಏಟು ಜೋರಾಗಿಯೇ ಬೀಳುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು: ಟಿನ್ನರ್ ಆವಿ ಗಾಳಿಗಿಂತ ಭಾರ, ಬೇಗ ಹೊತ್ತಿಕೊಳ್ಳುವಂಥದ್ದು. ಮ್ಯಾನ್‌ಹೋಲಿನಲ್ಲಿ ಅದು ಕೂತಿರುವಾಗ ಮುಚ್ಚಳ ತೆಗೆಯುವವರ ಪ್ರಾಣಕ್ಕೇ ಕುತ್ತು. ನೀರಿನ ಪೇಂಟ್‌ಗೆ ಆ ಭಯವಿಲ್ಲ, ಆದರೆ ಅದರ ಅಂಟು ಪೈಪಿನ ಒಳಗೆ ಪದರ ಕಟ್ಟುತ್ತದೆ.

ಗಣೇಶನ ಹಬ್ಬಕ್ಕೆ ಬಣ್ಣವಿಲ್ಲದ ಮಣ್ಣಿನ ಗಣಪನೇ ಬೇಕೆಂದು ಹಟ ಹಿಡಿಯುವ ಎಷ್ಟೋ ಮನೆಗಳ ಮುಂದೆ, ಹಬ್ಬದ ಹಿಂದಿನ ವಾರ ಬ್ರಷ್ ತೊಳೆದ ನೀರು ಮೋರಿಯಲ್ಲಿ ಹಸಿರಾಗಿ, ಹಳದಿಯಾಗಿ ಹರಿಯುತ್ತಿರುತ್ತದೆ. ಯಾರೂ ಬೇಕೆಂದು ಮಾಡುವುದಲ್ಲ, ಪೇಂಟರ್ ಎಲ್ಲಿ ತೊಳೆಯುತ್ತಾನೆಂದು ನೋಡಿರುವುದಿಲ್ಲ, ಅಷ್ಟೇ.

ನೀರಿನ ಪೇಂಟ್ ಒಣಗಿಸುವುದು ಹೇಗೆ?

ತಳದಲ್ಲಿ ಒಂದೆರಡು ಇಂಚು ಮಾತ್ರ ಇದ್ದರೆ ಮುಚ್ಚಳ ತೆಗೆದು ಮಳೆ ಬೀಳದ, ಮಕ್ಕಳೂ ನಾಯಿ ಬೆಕ್ಕುಗಳೂ ಹೋಗದ ಕಡೆ ಇಟ್ಟುಬಿಡಿ. ಬಯಲುಸೀಮೆಯ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯದಿರುವುದೇ ವಾಸಿ, ಮುಚ್ಚಳ ಬಿಗಿದು ಬಿಸಿಲು ಬರುವವರೆಗೆ ಕಾಯಿರಿ.

ಅದಕ್ಕಿಂತ ಹೆಚ್ಚಿದ್ದರೆ ಹೀರಿಕೊಳ್ಳುವಂಥದ್ದು ಏನಾದರೂ ಬೆರೆಸಬೇಕು. ಸಾಮಿಲ್ಲಿನ ಮರದ ಪುಡಿ, ತೆಂಗಿನ ನಾರಿನ ಪುಡಿ, ಮರಳು, ಹರಿದು ಹಾಕಿದ ದಿನಪತ್ರಿಕೆ ಯಾವುದಾದರೂ ಆದೀತು. ಮನೆ ಕೆಲಸ ನಡೆಯುತ್ತಿದ್ದರೆ ಚೀಲದ ತಳದಲ್ಲಿ ಉಳಿದ ಸಿಮೆಂಟೋ ಪುಟ್ಟಿಯೋ ಇದ್ದೇ ಇರುತ್ತದೆ, ಅದನ್ನೂ ಹಾಕಬಹುದು. ಪೇಂಟಿನಷ್ಟೇ ಪುಡಿ ಹಾಕಿ ಕೋಲಿನಿಂದ ಕಲಸಿ, ಹರಿಯದಷ್ಟು ಗಟ್ಟಿಯಾದ ಮೇಲೆ ಬಿಡಿ. ಐದಾರು ಲೀಟರ್ ಇದ್ದರೆ ಒಂದೇ ಡಬ್ಬದಲ್ಲಿ ಒಣಗಿಸಲು ಹೋಗಬೇಡಿ: ಮೇಲೆ ಸಿಪ್ಪೆ ಕಟ್ಟಿಕೊಂಡು ಒಳಗೆ ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ರಟ್ಟಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ತೆಳ್ಳಗೆ ಸುರಿದು ಒಣಗಿಸಿ, ಆಮೇಲೆ ಸುತ್ತಿ ತೆಗೆಯಿರಿ. ಅದಕ್ಕೂ ಮೊದಲು, ಐದಾರು ಲೀಟರ್ ಯಾರಿಗೂ ಬೇಡವಾಗಿದೆಯೇ ಎಂದು ವಿಚಾರಿಸಿ.

ಎನಾಮಲ್ ಪೇಂಟ್‌ಗೂ ಇದೇ ವಿಧಾನವೇ?

ಪೂರ್ತಿ ಅಲ್ಲ. ಸ್ವಲ್ಪ ಉಳಿದಿದ್ದರೆ ರಟ್ಟು, ಹಲಗೆ ಚೂರುಗಳ ಮೇಲೆ ತೆಳ್ಳಗೆ ಬಳಿದು ಬಯಲಲ್ಲಿ ಒಣಗಿಸಿ. ಅಡುಗೆಮನೆ, ದೇವರ ದೀಪ, ಇನ್ವರ್ಟರ್, ಸಿಗರೇಟು ಯಾವುದೂ ಹತ್ತಿರ ಇರಬಾರದು. ಮರದ ಪುಡಿ ಬೆರೆಸಬೇಡಿ. ಎಣ್ಣೆ ಹೀರಿದ ಪುಡಿ ತಾನಾಗಿ ಬಿಸಿಯಾಗುವ ಅಪಾಯವಿದೆ. ಮರಳು ಪರವಾಗಿಲ್ಲ.

ಹೆಚ್ಚಿಗೆ ಇದ್ದರೆ ಎಸೆಯುವ ಯೋಚನೆಯನ್ನೇ ಬಿಡಿ. ಮುಚ್ಚಿಟ್ಟ ಎನಾಮಲ್ ಬಹಳ ಕಾಲ ಬಾಳುತ್ತದೆ. ಮೇಲೆ ಕೆನೆಗಟ್ಟಿದ್ದರೆ ಅದನ್ನು ಇಡಿಯಾಗಿ ಎತ್ತಿ ತೆಗೆದು, ಕೆಳಗಿನದನ್ನು ಹಳೆಯ ನೈಲಾನ್ ಸೀರೆಯ ತುಂಡಿನಲ್ಲಿ ಸೋಸಿದರೆ ಗೇಟಿಗೋ, ತುಕ್ಕು ಹಿಡಿದ ಗ್ರಿಲ್ಲಿಗೋ ಹೊಡೆಯಬಹುದು.

ಟಿನ್ನರ್, ಟರ್ಪೆಂಟೈನ್ ಉಳಿದಿದೆ, ಬ್ರಷ್ ಅದ್ದಿ ಕೊಳಕಾಗಿದೆ. ಚೆಲ್ಲುವುದೇ ತಾನೇ?

ಚೆಲ್ಲಬೇಡಿ, ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಕೊಳಕಾದ ಟರ್ಪೆಂಟೈನನ್ನು ಗಾಜಿನ ಅಥವಾ ತಗಡಿನ ಡಬ್ಬದಲ್ಲಿ ಮುಚ್ಚಿ ಅಲುಗಾಡಿಸದೆ ಒಂದೆರಡು ದಿನ ಇಟ್ಟರೆ ಬಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ನಿಧಾನವಾಗಿ ಬೇರೆ ಡಬ್ಬಕ್ಕೆ ಬಗ್ಗಿಸಿಕೊಂಡು ಮುಂದಿನ ಸಲ ಬ್ರಷ್ ತೊಳೆಯಲು ಬಳಸಿ. ತಳದ ಕೆಸರಿಗೆ ಮರಳು ಬೆರೆಸಿ ಡಬ್ಬದಲ್ಲೇ ಬಿಡಿ, ಅದು ಅಪಾಯಕಾರಿ ಕಸದ ಲೆಕ್ಕಕ್ಕೆ.

ತೆಳ್ಳನೆಯ ನೀರಿನ ಬಾಟಲಿಯಲ್ಲಿ ಟಿನ್ನರ್ ಇಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಎರಡು ಕಾರಣಕ್ಕೆ ಅದು ಬೇಡ. ಕೆಲವು ಪ್ಲಾಸ್ಟಿಕ್‌ಗಳನ್ನು ಟಿನ್ನರ್ ಮೆತ್ತಗೆ ಮಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀರೆಂದುಕೊಂಡು ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗಬೇಡಿ: ದ್ರಾವಕ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿರುವುದಕ್ಕಿಂತ ಹೆಚ್ಚು ಹಾನಿ. ಡಬ್ಬವನ್ನೂ ಜೊತೆಗೆ ತೆಗೆದುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಪೇಂಟರ್ ಬ್ರಷ್, ರೋಲರ್ ಎಲ್ಲಿ ತೊಳೆಯಬೇಕು?

ಇದನ್ನು ಕೆಲಸ ಶುರುವಾಗುವ ದಿನವೇ ಮಾತಾಡಿಕೊಳ್ಳಿ. ಕೊನೆಯ ದಿನ ಸಂಜೆ ಆರಕ್ಕೆ, ಅವರು ಬಸ್ಸು ಹಿಡಿಯುವ ಅವಸರದಲ್ಲಿರುವಾಗ ಉಪದೇಶ ಮಾಡಿದರೆ ಯಾರು ಕೇಳುತ್ತಾರೆ? ‘ಅಣ್ಣಾ, ತೊಳೆಯೋಕೆ ಈ ಎರಡು ಬಕೆಟ್ ಇಟ್ಟಿದ್ದೀನಿ, ನಲ್ಲಿ ಕೆಳಗೆ ಬೇಡ’ ಅಂದು ಬಕೆಟ್ ತೋರಿಸಿದರೆ ಸಾಕು. ನೀರು ಹೊತ್ತು ಓಡಾಡುವುದು ತಪ್ಪುತ್ತದೆಂದು ಅವರೂ ಬೇಡವೆನ್ನುವುದಿಲ್ಲ.

ಬ್ರಷ್ಷಿಗೆ ಅಂಟಿದ್ದನ್ನು ಮೊದಲು ಡಬ್ಬದ ಅಂಚಿಗೆ ಸವರಿ ಒಳಕ್ಕೆ ಇಳಿಸಬೇಕು. ಆಮೇಲೆ ಪೇಪರಿನ ಮೇಲೆ ಒರೆಸಬೇಕು. ಮುಕ್ಕಾಲು ಪಾಲು ಪೇಂಟ್ ಇಲ್ಲೇ ಹೋಗಿಬಿಡುತ್ತದೆ. ನಂತರ ಮೊದಲ ಬಕೆಟ್ಟಿನಲ್ಲಿ ಒಂದು ಸಲ, ಎರಡನೆಯದರಲ್ಲಿ ಇನ್ನೊಂದು ಸಲ. ಮಾರನೇ ದಿನ ಅದೇ ಬಣ್ಣ ಹೊಡೆಯುವುದಿದ್ದರೆ ಮೊದಲ ಬಕೆಟ್ಟಿನ ನೀರನ್ನೇ ಪೇಂಟ್ ತೆಳು ಮಾಡಲು ಬಳಸಬಹುದು, ಹೇಗೂ ನೀರು ಬೆರೆಸಲೇಬೇಕಲ್ಲ. ಕೆಲಸ ಮುಗಿದ ಮೇಲೆ ಬಕೆಟ್ಟನ್ನು ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿನೀರನ್ನು ಒಳಚರಂಡಿಗೆ ಹೋಗುವ ಪೈಪಿಗೆ ಹಾಕಿ. ತಳದ ಕೆಸರನ್ನು ಒಣಗಿಸಿ. ನಡುವೆ ಊಟದ ಹೊತ್ತಿಗೆ ಬ್ರಷ್ ತೊಳೆಯುವುದೇ ಬೇಡ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಮೆತ್ತಗೇ ಇರುತ್ತದೆ.

ಗಟ್ಟಿಯಾಗಿ ಹೋದ ರೋಲರ್ ಉಳಿಸಲು ಅರ್ಧ ಲೀಟರ್ ಟಿನ್ನರ್ ಸುರಿಯುವುದು ಲಾಭದ ಮಾತಲ್ಲ. ಹಿಡಿ ಇಟ್ಟುಕೊಂಡು ಬಣ್ಣ ಹೀರುವ ಮೇಲಿನ ಸುರುಳಿ ಮಾತ್ರ ಬದಲಿಸಿ.

ಪಾಲಿಶ್ ಒರೆಸಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದಂತೆ, ನಿಜವೇ?

ನಿಜ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತವೆ, ಆಗ ಶಾಖ ಹೊಮ್ಮುತ್ತದೆ. ಬಟ್ಟೆ ಹರಡಿಕೊಂಡಿದ್ದರೆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೇ ಕೂಡಿಕೊಂಡು, ಕೆಲವೇ ಗಂಟೆಗಳಲ್ಲಿ ಹೊಗೆಯಾಡಿ, ಬೆಂಕಿಯೂ ಏಳಬಹುದು. ಕಿಡಿಯೇ ಬೇಕಿಲ್ಲ. ಬಡಗಿ ಕೆಲಸ ನಡೆಯುವ ಮನೆಗಳಲ್ಲಿ ಪಕ್ಕದಲ್ಲೇ ಮರದ ಹೊಟ್ಟಿನ ರಾಶಿ ಇರುತ್ತದೆ ಎಂಬುದನ್ನು ಮರೆಯಬೇಡಿ.

ಬಟ್ಟೆಗಳನ್ನು ಒಂದರ ಮೇಲೊಂದು ಬೀಳದಂತೆ ಹೊರಗೆ ಕಾಂಪೌಂಡ್ ಗೋಡೆಯ ಮೇಲೆ ಹರಡಿ. ಹಪ್ಪಳದ ಹಾಗೆ ಗರಿಗರಿಯಾದ ಮೇಲೆ ಅಪಾಯ ಕಳೆಯಿತು. ಅಷ್ಟು ಜಾಗವಿಲ್ಲದಿದ್ದರೆ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ನೀರಿನ ಪೇಂಟ್ ಒರೆಸಿದ ಬಟ್ಟೆಗೆ ಈ ಚಿಂತೆ ಇಲ್ಲ.

ಖಾಲಿ ಡಬ್ಬ ಗುಜರಿಗೆ ಹಾಕಬಹುದೇ?

ಒಳಗಿನ ಪೇಂಟ್ ಪೂರ್ತಿ ಒಣಗಿದ್ದರೆ ತಗಡಿನ ಡಬ್ಬ, ಪ್ಲಾಸ್ಟಿಕ್ ಬಕೆಟ್ ಎರಡನ್ನೂ ಗುಜರಿಯವರು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಮುಚ್ಚಳ ತೆಗೆದೇ ಕೊಡಿ, ಒಳಗೆ ಹಸಿ ಇಲ್ಲವೆಂದು ಕಾಣಲಿ. ಹಸಿ ಪೇಂಟ್ ಇರುವ ಡಬ್ಬ ಕೊಟ್ಟರೆ ಅವರು ಅದನ್ನು ಅಂಗಡಿ ಹಿಂದಿನ ಖಾಲಿ ಸೈಟಿಗೆ ಬಗ್ಗಿಸುತ್ತಾರೆ, ಇಲ್ಲವೇ ಸುಟ್ಟು ತಗಡು ಉಳಿಸಿಕೊಳ್ಳುತ್ತಾರೆ. ಅವರನ್ನು ಬೈದು ಏನು ಪ್ರಯೋಜನ, ಕೊಟ್ಟವರು ನಾವು.

20 ಲೀಟರಿನ ಬಕೆಟ್ ಮನೆಗೆ ಬಳಸಬಹುದೇ?

ನಮ್ಮ ನಾಡಿನಲ್ಲಿ ಆ ಬಕೆಟ್ ಕಸವಾಗುವುದು ಅಪರೂಪ. ಯಾರು ಒಯ್ಯಬೇಕೆಂದು ಪೇಂಟರ್‌ಗೂ ಮನೆಯೊಡತಿಗೂ ಸಣ್ಣ ಜಗ್ಗಾಟ ನಡೆಯುವುದೂ ಉಂಟು. ತೊಳೆದು ಗಾರೆ ಕೆಲಸಕ್ಕೆ, ನೆಲ ಒರೆಸಲು, ಹೂವಿನ ಗಿಡಕ್ಕೆ ಧಾರಾಳವಾಗಿ ಬಳಸಿ. ಕುಡಿಯುವ ನೀರು, ಅಕ್ಕಿ, ಹುಣಸೆಹಣ್ಣು, ಉಪ್ಪಿನಕಾಯಿಗೆ ಮಾತ್ರ ಬೇಡ. ನೀರಿನ ಪೇಂಟ್ ಕೊಳೆಯದಿರಲಿ, ಬೂಷ್ಟು ಹಿಡಿಯದಿರಲಿ ಎಂದು ಅದಕ್ಕೆ ಕ್ರಿಮಿನಾಶಕ ರಾಸಾಯನಿಕ ಸೇರಿಸಿರುತ್ತಾರೆ. ಎಷ್ಟು ಉಜ್ಜಿದರೂ ಅದು ಆಹಾರದ ಪಾತ್ರೆಯಾಗುವುದಿಲ್ಲ. ಸೊಪ್ಪು, ಟೊಮೆಟೊ ಬೆಳೆಯುವುದಕ್ಕೂ ನಾನು ಬೇರೆ ಕುಂಡವನ್ನೇ ಹೇಳುವೆ.

ಕಸದ ಗಾಡಿಗೆ ಕೊಟ್ಟರೆ ತೆಗೆದುಕೊಳ್ಳುತ್ತಾರೆಯೇ? ಕಾನೂನು ಏನು ಹೇಳುತ್ತದೆ?

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಿಸಾಡಿದ ಪೇಂಟ್ ಡಬ್ಬವನ್ನು ಹೆಸರು ಹಿಡಿದೇ ‘ಮನೆಯ ಅಪಾಯಕಾರಿ ತ್ಯಾಜ್ಯ’ದ ಪಟ್ಟಿಗೆ ಸೇರಿಸಿದವು. ಕೀಟನಾಶಕದ ಡಬ್ಬ, ಟ್ಯೂಬ್‌ಲೈಟ್, ಅವಧಿ ಮುಗಿದ ಔಷಧಿ, ಬ್ಯಾಟರಿಗಳ ಸಾಲಿನಲ್ಲೇ ಅದೂ ಇತ್ತು. ಇಂಥ ಕಸ ಪಡೆಯಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕೆಂದೂ, ಅದರ ಸಮಯವನ್ನು ಸ್ಥಳೀಯ ಸಂಸ್ಥೆ ಪ್ರಕಟಿಸಬೇಕೆಂದೂ ಅದೇ ನಿಯಮ ಹೇಳಿತು. ಇಷ್ಟು ಸ್ಪಷ್ಟವಾಗಿ ಬರೆದದ್ದು ನಮ್ಮ ವಾರ್ಡಿನ ಬಾಗಿಲಿಗೆ ಬಂದಿಲ್ಲವೆಂದು ಗೊಣಗುವವರ ಜೊತೆ ನನ್ನದೂ ಒಂದು ಗೊಣಗು ಇರಲಿ.

ಬೆಂಗಳೂರಿನ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯಲ್ಲಿ ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಡಯಾಪರ್, ಪ್ಯಾಡ್‌ನಂಥದ್ದಕ್ಕೆ, ಚೀಲ ಒಣ ಕಸಕ್ಕೆ. ಪೇಂಟ್ ಇವುಗಳಲ್ಲಿ ಯಾವುದಕ್ಕೂ ಹಾಕುವಂಥದ್ದಲ್ಲ. ಹಸಿ ಕಸದೊಳಗೆ ಸೇರಿದರೆ ಗೊಬ್ಬರ ಕೆಡುತ್ತದೆ. ಒಣ ಕಸದ ಚೀಲದಲ್ಲಿ ಸೋರಿದರೆ ಕಾಗದ, ರಟ್ಟು ಎಲ್ಲ ಹಾಳು. ಗಾಡಿಯ ಕಂಪ್ಯಾಕ್ಟರಿನಲ್ಲಿ ಮುಚ್ಚಿದ ಡಬ್ಬ ಒತ್ತಿಗೆ ಸಿಕ್ಕಿದರೆ ಚಿಮ್ಮುವುದು ಪಕ್ಕದಲ್ಲಿ ನಿಂತ ಪೌರಕಾರ್ಮಿಕರ ಮುಖಕ್ಕೆ. ಆದ್ದರಿಂದ ಗಟ್ಟಿಯಾದ ಪೇಂಟನ್ನು ಬೇರೆ ಚೀಲದಲ್ಲಿ ಕಟ್ಟಿ, ಮೇಲೆ ‘ಒಣಗಿದ ಪೇಂಟ್’ ಎಂದು ದಪ್ಪಕ್ಷರದಲ್ಲಿ ಬರೆದು, ಗಾಡಿಯವರ ಕೈಗೇ ಹೇಳಿ ಕೊಡಿ. ಬೇಡವೆಂದರೆ ವಾರ್ಡಿನ ಒಣತ್ಯಾಜ್ಯ ಸಂಗ್ರಹಣಾ ಕೇಂದ್ರದಲ್ಲಿ ಕೇಳಿ, ಬೇರೆ ಊರಿನವರು ನಗರಸಭೆಯ ಆರೋಗ್ಯ ನಿರೀಕ್ಷಕರನ್ನು ವಿಚಾರಿಸಿ. ಅಲ್ಲಿಯವರೆಗೆ ಮನೆಯಲ್ಲೇ ಇರಲಿ. ಒಣಗಿದ ಪೇಂಟ್ ಮೂಲೆಯಲ್ಲಿ ಕೂತು ಯಾರಿಗೂ ತೊಂದರೆ ಕೊಡುವುದಿಲ್ಲ.

ಅಂಗಡಿಯವರು ಉಳಿದ ಪೇಂಟ್ ವಾಪಸ್ ತೆಗೆದುಕೊಳ್ಳುತ್ತಾರೆಯೇ?

ಸೀಲ್ ಒಡೆಯದ, ಬಣ್ಣ ಬೆರೆಸದ ಡಬ್ಬವಾದರೆ ಪರಿಚಯದ ಅಂಗಡಿಯವರು ಬಿಲ್ ನೋಡಿ ತೆಗೆದುಕೊಂಡಾರು. ಮೆಷಿನ್ನಿನಲ್ಲಿ ನಿಮ್ಮ ಶೇಡ್‌ಗೆ ಕಲಸಿಕೊಟ್ಟದ್ದನ್ನು ತೆಗೆದುಕೊಳ್ಳುವುದಿಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಪೇಂಟ್ ಕೊಳ್ಳುವಾಗಲೇ ಸಣ್ಣ ಶುಲ್ಕ ಕಟ್ಟಿಸಿಕೊಂಡು, ಉಳಿದದ್ದನ್ನು ಪೇಂಟ್ ಅಂಗಡಿಗಳಲ್ಲೇ ಮರಳಿ ಪಡೆಯುವ ‘ಪೇಂಟ್‌ಕೇರ್’ ಎಂಬ ವ್ಯವಸ್ಥೆ ಇದೆ. ಕ್ಯಾಲಿಫೋರ್ನಿಯಾದ ಕನ್ನಡಿಗರು ಅದನ್ನು ಬಳಸಿಕೊಳ್ಳಬಹುದು. ರಜೆಗೆ ಬಂದವರು ಮಲ್ಲೇಶ್ವರದ ಅಂಗಡಿಯಲ್ಲಿ ಅದನ್ನೇ ಕೇಳಿದರೆ ನಗುತ್ತಾರೆ.

ಹಾಗಾದರೆ ಯಾರಿಗೆ ಕೊಡುವುದು?

ಮೊದಲು ಪೇಂಟರ್‌ನನ್ನೇ ಕೇಳಿ, ಅವನ ಮನೆಗೂ ಗೋಡೆಗಳಿವೆ. ಅಂಗನವಾಡಿ, ಸರ್ಕಾರಿ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘ, ಊರಿನ ಬಸ್ ತಂಗುದಾಣಕ್ಕೆ ಬಣ್ಣ ಹೊಡೆಯುವ ಯುವಕರ ಗುಂಪು, ಕಸ ಸುರಿಯುವ ಮೂಲೆಗಳನ್ನು ಸ್ವಚ್ಛಮಾಡಿ ಬಣ್ಣ ಬಳಿಯುವ ಸ್ವಯಂಸೇವಕರು, ಇವರಿಗೂ ಉಪಯೋಗವಾದೀತು. ಕೊಡುವ ಮೊದಲು ಮುಚ್ಚಳ ತೆಗೆದು ಮೂಸಿ ನೋಡಿ. ಕೊಳೆತ ವಾಸನೆ ಬಂದರೆ ದಾನ ಮಾಡಬೇಡಿ.

ಚೂರುಪಾರು ನಾಲ್ಕೈದು ಬಣ್ಣಗಳಿದ್ದರೆ, ಎಲ್ಲವೂ ನೀರಿನ ಪೇಂಟೇ ಆಗಿದ್ದರೆ ಒಟ್ಟು ಕಲಸಿ ಸೋಸಿಬಿಡಿ. ಹೆಚ್ಚುಕಡಿಮೆ ಬೂದಿಯೋ ಮಣ್ಣೋ ಎನ್ನುವಂಥ ಬಣ್ಣ ಬರುತ್ತದೆ. ಸ್ಟೋರ್ ರೂಮಿಗೆ, ಮೀಟರ್ ಬೋರ್ಡಿನ ಗೋಡೆಗೆ ಚೆನ್ನಾಗಿಯೇ ಒಪ್ಪುತ್ತದೆ. ಹೊರಗೋಡೆಯ ಪೇಂಟ್‌ನಲ್ಲಿ ಬೂಷ್ಟುನಿರೋಧಕ ಹೆಚ್ಚಿರುವುದರಿಂದ ಅದು ಸೇರಿದ ಮಿಶ್ರಣವನ್ನು ಮಲಗುವ ಕೋಣೆಗೆ ಬಳಿಯಬೇಡಿ.

ಹಳೆಯ ಬಣ್ಣ ಕೆರೆದ ಪುಡಿ, ಸಿಪ್ಪೆ?

ಎಲ್ಲರೂ ಹಗುರವಾಗಿ ನೋಡುವುದು ಇದನ್ನೇ, ಭಾರವಾದದ್ದೂ ಇದೇ. ಮನೆಗಳಿಗೆ ಬಳಸುವ ಪೇಂಟ್‌ನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಮುಂಚೆ ಬಾಗಿಲು, ಕಿಟಕಿ, ಗ್ರಿಲ್ಲು, ತೊಟ್ಟಿಲುಗಳಿಗೆ ಹೊಡೆದ ಎನಾಮಲ್‌ನಲ್ಲಿ, ಅದರಲ್ಲೂ ಗಾಢ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಇರುವ ಸಾಧ್ಯತೆ ಹೆಚ್ಚು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ.

ಒಣಗಿದ್ದಾಗ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಡಿ, ನೀರು ಚಿಮುಕಿಸಿ ಉಜ್ಜಿಸಿ. ಬ್ಲೋಲ್ಯಾಂಪಿನಿಂದ ಸುಡಿಸಲೂ ಬೇಡಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದದ್ದನ್ನು ಅದರಲ್ಲೇ ಮಡಚಿ, ಎರಡು ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸವೆಂದು ಬೇರೆ ಇಡಿ. ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಸುರಿಯರೂ ಚಿಕ್ಕ ಮಕ್ಕಳೂ ಆ ದಿನಗಳಲ್ಲಿ ಬೇರೆ ಕಡೆ ಇದ್ದರೆ ಒಳ್ಳೆಯದು. ಉಜ್ಜುವ ಕೆಲಸಗಾರರಿಗೆ ಮಾಸ್ಕ್ ಕೊಡಿಸಿ, ಕರ್ಚೀಫು ಕಟ್ಟಿಕೊಂಡರೆ ಏನೂ ತಡೆಯುವುದಿಲ್ಲ.

ಅಂದಹಾಗೆ, ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ನೋಡಿ ಗಾಬರಿಯಾಗಬೇಡಿ. ಅದು ಕಬ್ಬಿಣದ ಆಕ್ಸೈಡ್, ಸೀಸವಲ್ಲ.

ಸುಣ್ಣ ಉಳಿದಿದ್ದರೆ?

ಬರೀ ಸುಣ್ಣವಾದರೆ ತಲೆಬಿಸಿಯೇ ಇಲ್ಲ. ಗಾಳಿಗೆ ಬಿಟ್ಟರೆ ನಿಧಾನವಾಗಿ ಸುಣ್ಣದಕಲ್ಲಿನ ಪುಡಿಯೇ ಆಗುತ್ತದೆ. ಮಲೆನಾಡಿನ ಹುಳಿ ಮಣ್ಣಿನ ತೋಟಕ್ಕೆ ಹೇಗೂ ಸುಣ್ಣ ಹಾಕುತ್ತಾರೆ. ಹಸಿ ಸುಣ್ಣ ಕಣ್ಣಿಗೆ ಸಿಡಿದರೆ ಮಾತ್ರ ಬಹಳ ಅಪಾಯ, ತಕ್ಷಣ ನೀರಿನಲ್ಲಿ ತೊಳೆಯುತ್ತಾ ಇದ್ದು ವೈದ್ಯರ ಬಳಿ ಹೋಗಬೇಕು. ಅಂಟು, ಬಣ್ಣದ ಪುಡಿ ಬೆರೆಸಿದ ಸುಣ್ಣವನ್ನು ಡಿಸ್ಟೆಂಪರ್ ಎಂದುಕೊಂಡು ಒಣಗಿಸಿ.

ಹಳ್ಳಿಯಲ್ಲಿದ್ದೇವೆ, ಕಸದ ಗಾಡಿ ಬರುವುದಿಲ್ಲ. ಹೂಳಬಹುದೇ, ಸುಡಬಹುದೇ?

ಸುಡುವುದು ಖಂಡಿತ ಬೇಡ. ಮುಚ್ಚಿದ ಡಬ್ಬ ಸಿಡಿಯುತ್ತದೆ, ಹೊಗೆ ವಿಷ. ಬಚ್ಚಲ ಒಲೆಗೆ ಬಣ್ಣ ಬಳಿದ ಹಳೆ ಕಿಟಕಿಯ ಮರ ತುಂಬುವುದೂ ಇದೇ ಸಾಲಿಗೆ ಸೇರುತ್ತದೆ. ಸೀಸವಿದ್ದರೆ ಅದು ಬೂದಿಯಲ್ಲಿ ಉಳಿಯುತ್ತದೆ, ಆ ಬೂದಿ ಗೊಬ್ಬರದ ಗುಂಡಿಗೆ ಹೋಗುತ್ತದೆ. ಹಸಿ ಪೇಂಟ್, ಟಿನ್ನರ್ ಮಣ್ಣಿಗೆ ಸುರಿದರೆ ಬಾವಿಗೆ, ಕೊಳವೆಬಾವಿಗೆ ಇಳಿಯಬಹುದು. ಇಂಗುಗುಂಡಿಗೆ ಹಾಕುವುದಂತೂ ದಾರಿ ತೋರಿಸಿ ಕಳಿಸಿದ ಹಾಗೆ. ಒಣಗಿಸಿ ಡಬ್ಬದಲ್ಲೇ ಮುಚ್ಚಿಟ್ಟು, ಪೇಟೆಗೆ ಹೋಗುವಾಗ ವಿಚಾರಿಸಿ ಒಯ್ಯಿರಿ. ಬ್ರಷ್ ತೊಳೆದ ತಿಳಿನೀರನ್ನು ಬಾವಿ, ಹಳ್ಳ, ತರಕಾರಿ ಮಡಿಗಳಿಂದ ದೂರ ಒಣನೆಲದಲ್ಲಿ ಚದುರಿಸಿ.

ಕಡಿಮೆ ಉಳಿಯುವ ಹಾಗೆ ಕೊಳ್ಳುವುದು ಹೇಗೆ?

ಅಳತೆ ಟೇಪು ಹಿಡಿಯಿರಿ. 10 ಅಡಿಗೆ 12 ಅಡಿಯ ಕೋಣೆ, 10 ಅಡಿ ಎತ್ತರವಿದ್ದರೆ ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿಗೆ 60 ಕಳೆದರೆ 380. ಒಂದು ಲೀಟರ್ ಎಷ್ಟು ಚದರ ಅಡಿಗೆ ಸಾಕೆಂದು ಡಬ್ಬದ ಮೇಲೇ ಇರುತ್ತದೆ. ಎರಡು ಸಲ ಬಳಿಯಲು (ಎರಡು ಕೋಟ್) ಲೀಟರಿಗೆ 100 ಎಂದಿದ್ದರೆ 4 ಲೀಟರಿನ ಒಂದು ಡಬ್ಬ ಸಾಕು. ಆ ಲೆಕ್ಕ ನುಣುಪಾದ ಗೋಡೆಯದ್ದು, ಒರಟು ಗೋಡೆ ಇನ್ನಷ್ಟು ಕುಡಿಯುತ್ತದೆ. ಲೀಟರಿಗೆ ಹತ್ತಿಪ್ಪತ್ತು ರೂಪಾಯಿ ಉಳಿಯುತ್ತದೆಂದು 10 ಲೀಟರಿನದ್ದು ತಂದರೆ ಆರು ಲೀಟರ್ ಮೆಟ್ಟಿಲ ಕೆಳಗೆ ಸೇರುತ್ತದೆ. ಸಾಮಾನು ಮೇಸ್ತ್ರಿಯೇ ಬರೆದುಕೊಟ್ಟರೆ ಪಟ್ಟಿ ಉದ್ದವಾಗುತ್ತದೆ. ಪೇಂಟ್ ಕಂಪನಿ ಡಬ್ಬದೊಳಗೆ ಇಡುವ ಬಹುಮಾನದ ಟೋಕನ್ ಅವರಿಗೆ ಸೇರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕಡಿಮೆ ಬಿದ್ದರೆ ಶೇಡ್ ನಂಬರ್ ಹೇಳಿ ಒಂದು ಲೀಟರ್ ತರಿಸುವುದು ಅರ್ಧ ಗಂಟೆಯ ಕೆಲಸ.

ಮುಂದೆ ಗೋಡೆಗೆ ತೇಪೆ ಹಾಕಲೆಂದು ಒಂದು ಅರ್ಧ ಲೀಟರ್ ಇಟ್ಟುಕೊಳ್ಳುವುದು ಜಾಣತನವೇ. ದೊಡ್ಡ ಡಬ್ಬದಲ್ಲಿ ಬೇಡ, ಕಂಠಮಟ್ಟ ತುಂಬುವ ಸಣ್ಣ ಡಬ್ಬಕ್ಕೆ ಬಗ್ಗಿಸಿ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಬಾಳಿಕೆ ಹೆಚ್ಚು. ಶೇಡ್ ನಂಬರ್, ಯಾವ ಕೋಣೆ, ಯಾವ ವರ್ಷ ಎಂದು ಮೇಲೆ ಬರೆದಿಡಿ. ತಾರಸಿಯ ಬಿಸಿಲಿನಲ್ಲಿ ಇಡಬೇಡಿ.

ಸ್ಪ್ರೇ ಕ್ಯಾನ್ ಖಾಲಿಯಾಗಿದೆ. ತೂತು ಮಾಡಿ ಹಾಕಬೇಕೆ?

ಬೇಡ. ಖಾಲಿ ಎನಿಸಿದರೂ ಒಳಗೆ ಒತ್ತಡ ಇರುತ್ತದೆ. ತಲೆಕೆಳಗಾಗಿ ಹಿಡಿದು ಬಯಲಲ್ಲಿ ಗಾಳಿ ನಿಲ್ಲುವವರೆಗೆ ಒತ್ತಿ, ಹಾಗೆಯೇ ಅಪಾಯಕಾರಿ ಕಸದ ಜೊತೆ ಇಡಿ.

ನಮ್ಮದು ದೊಡ್ಡ ಅಪಾರ್ಟ್‌ಮೆಂಟ್. ಸಂಘದಿಂದ ಏನಾದರೂ ಮಾಡಬಹುದೇ?

ಒಂಟಿ ಮನೆಗಿಂತ ನಿಮಗೇ ಸುಲಭ. ನೆಲಮಾಳಿಗೆಯಲ್ಲಿ ಗಾಳಿಯಾಡುವ, ಜನರೇಟರ್‌ನಿಂದ ದೂರದ ಒಂದು ಕಪಾಟು ಗೊತ್ತುಮಾಡಿ. ಮೇಲಿನ ಹಲಗೆಯಲ್ಲಿ ಬಳಸಬಹುದಾದ ಪೇಂಟ್, ಬೇಕಾದವರು ಒಯ್ಯಲಿ. ಕೆಳಗಿನದರಲ್ಲಿ ಒಣಗಿದ್ದು. ಟಿನ್ನರ್ ಮಾತ್ರ ಅಲ್ಲಿ ಗುಡ್ಡೆ ಹಾಕಬೇಡಿ. ಇಡೀ ಕಟ್ಟಡಕ್ಕೆ ಬಣ್ಣ ಹೊಡೆಸುವಾಗ ಉಳಿದ ಪೇಂಟ್, ಡಬ್ಬ, ತೊಳೆದ ನೀರು ಎಲ್ಲದರ ವಿಲೇವಾರಿ ಗುತ್ತಿಗೆದಾರನದ್ದೇ ಎಂದು ಕರಾರಿನಲ್ಲೇ ಬರೆಸಿ, ಎಲ್ಲಿಗೆ ಸಾಗಿಸಿದ ಎಂಬುದಕ್ಕೆ ಚೀಟಿ ಕೇಳಿ. ದೊಡ್ಡ ಪ್ರಮಾಣದ ಅಪಾಯಕಾರಿ ತ್ಯಾಜ್ಯ ಒಯ್ಯಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿದ್ದಾರೆ, ವೈಜ್ಞಾನಿಕವಾಗಿ ಹೂಳುವ ಜಾಗ ದಾಬಸ್‌ಪೇಟೆಯಲ್ಲಿದೆ. ಕೊನೆಯ ಕಂತಿನ ಹಣವನ್ನು ಆ ಚೀಟಿ ಕೈಸೇರಿದ ಮೇಲೆ ಕೊಡಿ.